ಬೂದುಗುಂಬಳ ಹೊಡೆದವರು ಜಿಂಕೆ ನೋಡಿದ ಕಥೆ

ಪೀಣ್ಯ, ಹೊರಡುವ ಮುನ್ನ

ನಾನು ನೆದರ್ಲೆಂಡ್ಸಿಗೆ ಹೋದದ್ದು ಟುಲಿಪ್ ಹೂ ನೋಡಲಿಕ್ಕಲ್ಲ. ಹೋದದ್ದು ಸೆಪ್ಟೆಂಬರಿನಲ್ಲಿ, ಆಗ ನೋಡಬೇಕೆಂದರೂ ಒಂದು ಹೂವೂ ಇರಲಿಲ್ಲ. ನಾನು ಹೋದದ್ದು ಬಾಣದ ಮೊನೆ ಮಾರಲು. ಇದನ್ನು ಕೇಳಿದವರೆಲ್ಲ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ‘ನಿಜವಾಗ್ಲೂನಾ?’ ಎನ್ನುತ್ತಾರೆ. ನಿಜವಾಗಲೂ.

ಪೀಣ್ಯದಲ್ಲಿ ಅಪ್ಪ ಬಿಟ್ಟುಹೋದ ಸಣ್ಣ ವರ್ಕ್‌ಶಾಪ್ ಒಂದು ನನ್ನ ಪಾಲಿಗಿದೆ. ಒಂಬತ್ತು ಜನ, ಐದು ಮೆಷಿನ್, ಯಾರದೆಂದು ಗೊತ್ತಿಲ್ಲದ ಒಂದು ಬೆಕ್ಕು. ಬೈಕ್ ಎಂಜಿನ್ನಿನ ಚಿಕ್ಕಪುಟ್ಟ ಭಾಗಗಳನ್ನು ಮಾಡಿಕೊಂಡು ವರ್ಷಗಟ್ಟಲೆ ನೆಮ್ಮದಿಯಾಗಿದ್ದೆವು. ಗಾಡಿಗಳು ಬ್ಯಾಟರಿಗೆ ತಿರುಗಿದ್ದೇ ತಡ, ಆ ಕೆಲಸಗಳು ಒಂದೊಂದಾಗಿ ಕೈಬಿಟ್ಟವು. ಆಗ ಬಂದದ್ದು ನೆದರ್ಲೆಂಡ್ಸಿನ ಐಂಡ್‌ಹೋವನ್ನಿನ ಒಂದು ಪುಟ್ಟ ಕಂಪನಿಯ ಪತ್ರ. ಬಿಲ್ಲು ಹಿಡಿದು ಜಿಂಕೆ ಮತ್ತು ಎಲ್ಕ್ ಬೇಟೆಯಾಡುವವರಿಗೆ ಅಲಗುಳ್ಳ ಬಾಣದ ಮೊನೆ ಬೇಕು, ಮಾಡಿಕೊಡುತ್ತೀರಾ ಎಂದು ಕೇಳಿದ್ದರು. ಬ್ರಾಡ್‌ಹೆಡ್ ಎಂದು ಅದರ ಹೆಸರು. ಎಲ್ಕ್ ಎಂದರೆ ಅಮೆರಿಕದ ಬೆಟ್ಟಗಾಡಿನ ಭಾರಿ ಜಿಂಕೆ, ನಮ್ಮ ಕಡವೆಯ ಅಣ್ಣ ಅನ್ನಿ.

ನಮ್ಮದು ಮೊಟ್ಟೆ ಹಾಕಿದ ಕೇಕನ್ನೂ ಹೊಸಿಲಾಚೆ ನಿಲ್ಲಿಸುವ ಮನೆ. ಒಂದು ವಾರ ಮನಸ್ಸು ಹೊಯ್ದಾಡಿತು. ಕೊನೆಗೆ ಒಂಬತ್ತು ಜನರ ಮುಖ ನೋಡಿ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಹುರುಪೇ ಬಂದುಬಿಟ್ಟಿತು, ಅದನ್ನೂ ಮುಚ್ಚಿಡುವುದಿಲ್ಲ. ಹೊಸ ಸಾಮಾನು, ಹೊಸ ಲೆಕ್ಕ, ಹೊಸ ತಲೆನೋವು. ನನಗೆ ಇವಿಷ್ಟಿದ್ದರೆ ಊಟ ಸೇರುತ್ತದೆ.

ಎರಡು ಮಾದರಿ ತಯಾರಾದವು. ಒಂದು ನಾನೇ ಯೋಚಿಸಿದ್ದು. ಹಾರುವಾಗ ಅಲಗುಗಳು ಮುಚ್ಚಿಕೊಂಡಿರುತ್ತವೆ, ತಗುಲಿದ ಕೂಡಲೇ ಕೊಡೆ ಬಿಚ್ಚಿದಂತೆ ಅಗಲಕ್ಕೆ ತೆರೆದುಕೊಳ್ಳುತ್ತವೆ. ಅದರ ಮೇಲೆ ನನಗಿದ್ದ ಪ್ರೀತಿ ಅಷ್ಟಿಷ್ಟಲ್ಲ. ಇನ್ನೊಂದು ನಮ್ಮ ಗ್ರೈಂಡಿಂಗ್ ಮೇಸ್ತ್ರಿ ಮುನಿಯಪ್ಪ ಮಾಡಿದ್ದು. ಒಂದೇ ಉಕ್ಕಿನ ತುಂಡು, ಎರಡು ಅಲಗು, ವೀಳ್ಯದೆಲೆಯನ್ನು ಉದ್ದಕ್ಕೆ ಎಳೆದಂಥ ಆಕಾರ. ಬಿಚ್ಚುವುದಿಲ್ಲ, ಮುಚ್ಚುವುದಿಲ್ಲ. ಮುನಿಯಪ್ಪ ಕೋಲಾರದ ಕಡೆಯವರು, ಅಪ್ಪನ ಕಾಲದಿಂದ ನಮ್ಮಲ್ಲಿರುವವರು. ನಕ್ಷೆ ಬರೆಯುವ ಅಭ್ಯಾಸವಿಲ್ಲ, ಅಳತೆಯೆಲ್ಲ ತಲೆಯಲ್ಲಿ ಮತ್ತು ಹೆಬ್ಬೆರಳಿನಲ್ಲಿ.

ಪರೀಕ್ಷೆ ಮಾಡಬೇಕಲ್ಲ? ಹತ್ತಿರದ ಶಾಲೆಯಲ್ಲಿ ಬಿಲ್ಲು ಹೇಳಿಕೊಡುವ ಮೇಷ್ಟರನ್ನು ಕರೆತಂದೆವು. ಯಾವುದಕ್ಕೆ ಹೊಡೆಯುವುದು ಎಂಬ ಪ್ರಶ್ನೆ ಬಂದಾಗ ನನ್ನ ತಲೆಗೆ ಹೊಳೆದದ್ದು ಬೂದುಗುಂಬಳ. ಸಿಪ್ಪೆ ಗಟ್ಟಿ, ಒಳಗೆ ಮೆತ್ತಗೆ, ಗಾತ್ರವೂ ಚೆನ್ನಾಗಿದೆ.

‘ಅಮ್ಮಾ, ಕುಂಬಳಕಾಯಿಗೆ ಮೂಳೆ ಐತಾ?’ ಎಂದರು ಮುನಿಯಪ್ಪ. ಭಾನುವಾರ ತಪ್ಪದೆ ಮಟನ್ ತರುವ ಮನುಷ್ಯ.

‘ಸುಮ್ನಿರಿ ಮುನಿಯಪ್ಪ, ಇದು ಸೈಂಟಿಫಿಕ್ ಟೆಸ್ಟಿಂಗು’ ಎಂದೆ.

ನನ್ನ ಮೊನೆ ಬಿದ್ದ ಕುಂಬಳಕಾಯಿ ನಾಲ್ಕು ಹೋಳಾಗಿ ಸಿಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುನಿಯಪ್ಪನ ಮೊನೆ ಕಾಯಿಯ ಒಳಹೊಕ್ಕು, ಆ ಕಡೆ ಹೊರಬಂದು, ಹಿಂದಿದ್ದ ಸ್ಟೋರ್ ರೂಮಿನ ಪ್ಲೈವುಡ್ ಬಾಗಿಲಿಗೆ ನೆಟ್ಟಿತು. ಕುಂಬಳಕಾಯಿ ಮಾತ್ರ ಏನೂ ಆಗದಂತೆ ಸ್ಟೂಲಿನ ಮೇಲೆ ಕೂತೇ ಇತ್ತು. ‘ಹಾನಿ ಅತ್ಯಲ್ಪ’ ಎಂದು ವರದಿಯಲ್ಲಿ ಬರೆದೆ. ಎರಡು ದಿನ ವರ್ಕ್‌ಶಾಪಿನವರೆಲ್ಲ ಕಾಶಿ ಹಲ್ವ ತಿಂದೆವು.

ಹೊರಡುವ ದಿನ ಮುನಿಯಪ್ಪ ಗೇಟಿನವರೆಗೂ ಬಂದರು. ‘ನಂದು ಫೇಲಾಯ್ತು, ಸರಿ. ಯಾಕೆ ಫೇಲಾಯ್ತು ಅಂತ ಆ ಕಂಪನಿ ಯಮ್ಮನ್ನ ಒಂದು ಮಾತು ಕೇಳ್ಕೊಂಡು ಬನ್ನಿ ಅಮ್ಮ. ಇಷ್ಟು ವರ್ಷ ಉಜ್ಜಿದೀನಿ, ಇದರಾಗೆ ಏನ್ ತಪ್ಪು ಮಾಡ್ದೆ ಅಂತ ಗೊತ್ತಾಗ್ಲಿಲ್ಲ ನಂಗೆ’ ಎಂದರು. ಕೇಳುತ್ತೇನೆ ಎಂದು ಮಾತು ಕೊಟ್ಟೆ. ಆರ್ಡರ್ ಸಿಗದಿದ್ದರೆ ಮೊದಲು ನಿಲ್ಲುವುದು ಅವರ ಮೆಷಿನ್ನೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ವಾಗೆನಿಂಗನ್

ಉಳಿದುಕೊಂಡದ್ದು ತಂಗಿಯ ಮಗಳು ಸ್ಮಿತಾಳ ಮನೆಯಲ್ಲಿ. ವಾಗೆನಿಂಗನ್ ಎಂಬುದು ಬೇಸಾಯ ಓದುವವರ ಊರು. ಸ್ಮಿತಾ ಅಲ್ಲಿ ಎರೆಹುಳುವಿನ ಮೇಲೆ ಸಂಶೋಧನೆ ಮಾಡುತ್ತಾಳೆ. ಮನೆಯ ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ ನಮ್ಮ ಅಟ್ಟದ ಏಣಿಯೇ ವಾಸಿ ಅನ್ನಿಸಿತು. ಹತ್ತುವಾಗ ಕೈಕಾಲು ನಾಲ್ಕನ್ನೂ ಬಳಸಿದೆ, ಇಳಿಯುವಾಗ ಮಗುವಿನಂತೆ ಕೂತು ಕೂತು ಇಳಿದೆ. ಸ್ಮಿತಾ ಅದನ್ನು ವಿಡಿಯೋ ಮಾಡಿ ಅವಳ ಅಮ್ಮನಿಗೆ ಕಳಿಸಿದಳು.

ಬೆಳಿಗ್ಗೆ ಟಾಯ್ಲೆಟ್ಟಿಗೆ ಹೋದರೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್. ವಾರವಿಲ್ಲ, ವರ್ಷವಿಲ್ಲ, ತಾರೀಖಿನ ಮುಂದೆ ಬರೀ ಹೆಸರುಗಳು. ಇಲ್ಲಿಯವರು ಬಂಧುಬಳಗದ ಹುಟ್ಟುಹಬ್ಬಗಳನ್ನು ಅಲ್ಲಿಯೇ ಬರೆದಿಡುತ್ತಾರಂತೆ. ದಿನಾ ತಪ್ಪದೆ ಹೋಗುವ ಜಾಗ, ಮರೆಯುವ ಮಾತೇ ಇಲ್ಲ. ನಮ್ಮಲ್ಲಿ ಕ್ಯಾಲೆಂಡರ್ ಎಂದರೆ ದೇವರ ಪಟ, ರಾಹುಕಾಲ, ಹಾಲಿನವನ ಲೆಕ್ಕ. ಅದನ್ನು ಅಲ್ಲಿಗೆ ಒಯ್ದರೆ ಅತ್ತೆ ಮನೆ ಬಿಟ್ಟು ಓಡಿಸುತ್ತಿದ್ದರು. ನನ್ನ ಹೆಸರೂ ನನ್ನ ತಾರೀಖಿನಲ್ಲಿ ಇತ್ತು. ಅಲ್ಲಿ ಕೂತು ಅದನ್ನು ಓದಿ ಕಣ್ಣು ಒದ್ದೆಯಾಯಿತು ಎಂದರೆ ನೀವು ನಗಬಾರದು.

ನಾನು ತಂದ ಮಾದರಿಗಳನ್ನು ಸ್ಮಿತಾಳಿಗೆ ತೋರಿಸಿದೆ. ಉಕ್ಕಿನವಲ್ಲ, ಪ್ಲಾಸ್ಟಿಕ್ಕಿನವು. ಬಿಲ್ಲಿನಿಂದ ಬೇಟೆಯಾಡುವುದಂತಿರಲಿ, ಇಂಥ ಹರಿತವಾದ ಮೊನೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಈ ದೇಶದಲ್ಲಿ ಅಪರಾಧ. ‘ದಯವಿಟ್ಟು ಒಂದೇ ಒಂದು ಅಸಲಿ ಮೊನೆಯನ್ನೂ ತರಬೇಡಿ, ಆಟಿಕೆ ತನ್ನಿ’ ಎಂದು ಆ ಕಂಪನಿಯ ಒಡತಿ ಮಾರೈಕೆ ಎರಡು ಸಲ ಬರೆದಿದ್ದರು. ಅವರು ಇಲ್ಲಿ ಕೂತು ಆರಿಸುತ್ತಾರೆ, ಮಾಡುವುದು ಬೇರೆ ದೇಶದಲ್ಲಿ, ಸರಕು ನೇರ ಅಮೆರಿಕಕ್ಕೆ ಹೋಗುತ್ತದೆ. ಹಾಗಾಗಿ ನನ್ನ ಬಿಚ್ಚುವ ಮೊನೆಯನ್ನು ಮೂರು ಗಾತ್ರದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿದ್ದೆ. ಪಕ್ಕದ ಶೆಡ್ಡಿನವರ ಬಳಿ ಅವತ್ತು ಇದ್ದದ್ದು ಗುಲಾಬಿ ಬಣ್ಣ ಮಾತ್ರ.

‘ಜಡೆ ಕ್ಲಿಪ್ಪಾ ದೊಡ್ಡಮ್ಮ? ಕ್ಯೂಟಾಗಿದೆ’ ಎಂದಳು ಸ್ಮಿತಾ. ಏನೆಂದು ಹೇಳಿದ ಮೇಲೆ ಕೈಯಿಂದ ಕೆಳಗಿಟ್ಟಳು. ‘ನಾನು ಲ್ಯಾಬಲ್ಲಿ ಎರೆಹುಳ ಕಟ್ ಆದ್ರೇ ಸಾರಿ ಹೇಳ್ತೀನಿ. ನೀವು ಜಿಂಕೆಗೆ ಇದನ್ನ ಹೊಡಿಯಕ್ಕೆ ಮಾಡಿದೀರಾ?’

‘ನಾನು ಹೊಡಿಯಲ್ಲಮ್ಮ, ಮಾಡಿಕೊಡ್ತೀನಿ ಅಷ್ಟೆ.’

‘ಅದೇನ್ ಡಿಫರೆನ್ಸು?’ ಎಂದು ಕೇಳಿ ಅವಳು ಸೈಕಲ್ ಹತ್ತಿ ಹೊರಟುಹೋದಳು. ನಾನು ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದೆ.

ಮಾತಾಡಬಾರದ ಡಬ್ಬಿ

ಮರುದಿನ ಐಂಡ್‌ಹೋವನ್ನಿಗೆ ರೈಲು. ಊತ್ರೆಕ್ಟಿನಲ್ಲಿ ಗಾಡಿ ಬದಲಿಸಿ ಒಳ್ಳೆ ಕಿಟಕಿ ಸೀಟು ಹಿಡಿದು ಕೂತೆ. ಸುತ್ತ ಜನರಿದ್ದರೂ ಡಬ್ಬಿ ನಿಶ್ಶಬ್ದ. ಎಷ್ಟು ಶಿಸ್ತಿನ ಜನ ಎಂದು ಮೆಚ್ಚಿಕೊಳ್ಳುತ್ತಿರುವಾಗ ಮುನಿಯಪ್ಪನ ಫೋನ್ ಬಂತು. ವರ್ಕ್‌ಶಾಪಿನಲ್ಲಿ ಮೆಷಿನ್ ಸದ್ದಿನ ನಡುವೆ ಮಾತಾಡಿ ನನ್ನ ಗಂಟಲು ಯಾವಾಗಲೂ ಮೇಲಿನ ಸ್ಥಾಯಿಯಲ್ಲೇ ಇರುತ್ತದೆ.

‘ಇಲ್ಲ ಮುನಿಯಪ್ಪ, ಇನ್ನೂ ಸಿಕ್ಕಿಲ್ಲ ಆಕೆ! ಇವತ್ತು ಮುಗಿಸ್ತೀನಿ! ಹಾಂ? ಎದೆಗೇ ಬೀಳ್ಬೇಕು! ಪಕ್ಕೆಲುಬಿನ ಮಧ್ಯೆ ಹೋದ್ರೆ ಸೆಕೆಂಡಲ್ಲಿ ಪ್ರಾಣ ಹೋಗ್ಬೇಕು! ಒದ್ದಾಡ್ಬಾರ್ದು!’

ಎದುರಿಗೆ ಕೂತಿದ್ದ ನಲವತ್ತರ ಗಂಡಸೊಬ್ಬರು ಲ್ಯಾಪ್‌ಟಾಪ್ ಮುಚ್ಚಿ ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ನಾನು ಫೋನ್ ಇಟ್ಟ ಮೇಲೆ ಮುಂದಕ್ಕೆ ಬಾಗಿ ಪಿಸುದನಿಯಲ್ಲಿ ಕೇಳಿದರು.

‘ಮೇಡಂ, ನೀವು ಕನ್ನಡದವ್ರಾ?’

‘ಹೌದು, ತುಮಕೂರು. ನೀವು?’

‘ಮೈಸೂರು. ಮೇಡಂ, ಇದು ಸೈಲೆಂಟ್ ಕಂಪಾರ್ಟ್‌ಮೆಂಟು, ಇಲ್ಲಿ ಯಾರೂ ಮಾತಾಡೋ ಹಾಗಿಲ್ಲ. ಕಿಟಕಿ ಮೇಲೆ ಬರ್ದಿದೆ ನೋಡಿ. ಮತ್ತೆ...’ ಎಂದು ಎಂಜಲು ನುಂಗಿ, ‘ಐಂಡ್‌ಹೋವನ್ನಲ್ಲಿ ಯಾರನ್ನ ಮುಗಿಸ್ತಾ ಇದೀರಾ?’

ನನಗೆ ನಗು ತಡೆಯಲಾಗಲಿಲ್ಲ. ನಗಬಾರದ ಡಬ್ಬಿಯಲ್ಲಿ ನಗು ಬಂದರೆ ಅದರ ಪಾಡೇ ಬೇರೆ. ಸೆರಗು ಬಾಯಿಗೆ ತುರುಕಿಕೊಂಡು ಕೂತೆ. ಬಿಳಿಗೂದಲ ಅಜ್ಜಿಯೊಬ್ಬರು ಪುಸ್ತಕದಿಂದ ತಲೆಯೆತ್ತಿ ಹುಬ್ಬು ಹಾರಿಸಿದರು. ಬಯ್ಯಲಿಲ್ಲ, ಬರೀ ಹುಬ್ಬು. ನಾವಿಬ್ಬರೂ ಎದ್ದು ಬಾಗಿಲ ಬಳಿ ನಿಂತು ಮಾತು ಮುಂದುವರಿಸಿದೆವು. ಅವರು ಆಮರ್ಸ್‌ಫೋರ್ಟಿನಲ್ಲಿ ಮನೆ ಮಾಡಿ, ದಿನಾ ಐಂಡ್‌ಹೋವನ್ನಿಗೆ ಕಂಪ್ಯೂಟರ್ ಚಿಪ್ ಕಾರ್ಖಾನೆಯ ಕೆಲಸಕ್ಕೆ ಓಡಾಡುವವರು. ವಿಷಯವೆಲ್ಲ ಕೇಳಿ ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

‘ಒಂದು ಹೇಳ್ತೀನಿ ಮೇಡಂ. ಇವ್ರು ನೇರ ಮಾತಾಡ್ತಾರೆ. ಇಷ್ಟ ಆಗ್ಲಿಲ್ಲ ಅಂದ್ರೆ ಮುಖಕ್ಕೇ ಹೇಳ್ತಾರೆ. ಬೇಜಾರ್ ಮಾಡ್ಕೋಬೇಡಿ. ಮತ್ತೆ ಮಧ್ಯಾಹ್ನ ಅನ್ನ ಸಾರು ಬಿಡಿ, ಬಿಸಿ ಪದಾರ್ಥನೇ ಎಕ್ಸ್‌ಪೆಕ್ಟ್ ಮಾಡ್ಬೇಡಿ’ ಎಂದು ಬೀಳ್ಕೊಟ್ಟರು.

ಐಂಡ್‌ಹೋವನ್

ಮಾರೈಕೆಗೆ ನನ್ನಷ್ಟೇ ವಯಸ್ಸು, ಎತ್ತರ ಒಂದೂವರೆ ಪಾಲು. ಹಳೆಯ ಕಾರ್ಖಾನೆಯ ಕಟ್ಟಡದಲ್ಲಿ ಎರಡು ಕೋಣೆಯ ಆಫೀಸು. ಮೂಲೆಯಲ್ಲಿ ಸ್ಪಂಜಿನ ಎಲ್ಕ್ ನಿಂತಿತ್ತು, ಬಾಣ ಹೊಡೆದು ಅಭ್ಯಾಸ ಮಾಡುವುದಕ್ಕೆ ಇಟ್ಟದ್ದು. ಅದರ ಹೆಗಲು ನನ್ನ ಹಣೆಗೆ ಬಂತು. ನಾನು ಮನಸ್ಸಿನಲ್ಲೇ ಅದರ ಪಕ್ಕ ಒಂದು ಬೂದುಗುಂಬಳ ಇಟ್ಟು ನೋಡಿದೆ, ಸ್ವಲ್ಪ ಅಳುಕಾಯಿತು.

ಆಕೆ ಪ್ರತಿ ವರ್ಷ ಅಮೆರಿಕಕ್ಕೆ ಹೋಗಿ ಎಲ್ಕ್ ಬೇಟೆಯಾಡುವವರು. ಒಂದೇ ಪ್ರಾಣಿ, ಅದರ ಮಾಂಸ ಗೆಳೆಯರಿಗೆಲ್ಲ ಒಂದು ಚಳಿಗಾಲಕ್ಕೆ. ನನ್ನ ಗುಲಾಬಿ ಮೊನೆಯನ್ನು ಬೆರಳಲ್ಲಿ ತಿರುಗಿಸಿದರು, ಬಿಚ್ಚಿದರು, ಮುಚ್ಚಿದರು.

‘ಇದು ನನಗೆ ಇಷ್ಟವಾಗಲಿಲ್ಲ’ ಎಂದರು.

ಮೈಸೂರಿನವರು ಎಚ್ಚರಿಸಿದ್ದರೂ ಕಿವಿ ಬಿಸಿಯಾಯಿತು. ನಮ್ಮ ಕಡೆ ಇದನ್ನೇ ಹೇಳಲು ಎರಡು ಸಲ ಕಾಫಿ ಕೊಟ್ಟು, ‘ಚೆನ್ನಾಗಿದೆ, ನೋಡೋಣ, ಹೇಳಿ ಕಳಿಸ್ತೀವಿ’ ಎನ್ನುತ್ತಾರೆ. ಮನೆ ತಲುಪುವಷ್ಟರಲ್ಲಿ ನಮಗೇ ಅರ್ಥವಾಗಿರುತ್ತದೆ.

‘ಚಿಕ್ಕ ಜಿಂಕೆಗೆ, ಬಲವಾದ ಬಿಲ್ಲಿಗೆ ಪರವಾಗಿಲ್ಲ’ ಎಂದು ಮಾರೈಕೆ ಮುಂದುವರಿಸಿದರು. ‘ಆದರೆ ಬಿಚ್ಚಿಕೊಳ್ಳುವುದಕ್ಕೇ ಬಾಣದ ಬಲ ಖರ್ಚಾಗುತ್ತದೆ. ಎಲ್ಕಿನ ಪಕ್ಕೆಲುಬಿಗೆ ಓರೆಯಾಗಿ ತಗುಲಿದರೆ? ಹೆಗಲ ಮೂಳೆಗೆ ತಗುಲಿದರೆ? ಅಲಗು ಬಾಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಪ್ರಾಣಿ ಗಾಯ ಹೊತ್ತು ಓಡುತ್ತದೆ. ಎಲ್ಲೋ ಎರಡು ದಿನ ನರಳಿ ಸಾಯುತ್ತದೆ. ಇದನ್ನು ಯಾವುದರ ಮೇಲೆ ಪರೀಕ್ಷೆ ಮಾಡಿದಿರಿ?’

ಹೇಳಲೇಬೇಕಾಯಿತು. ಫೋನಿನಲ್ಲಿದ್ದ ವಿಡಿಯೋ ಹಾಕಿದೆ. ಸ್ಟೂಲು, ಅದರ ಮೇಲೆ ಬೂದುಗುಂಬಳ, ಹಣೆಗೆ ವಿಭೂತಿ ಹಚ್ಚಿದ ಬಿಲ್ಲಿನ ಮೇಷ್ಟರು, ಅಡ್ಡ ಬಂದ ಬೆಕ್ಕು. ಕಾಯಿ ಸಿಡಿದಾಗಿನ ಚಪ್ಪಾಳೆ. ಮಾರೈಕೆ ಮೊದಲು ಗಂಭೀರವಾಗಿ ನೋಡಿದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಕೊನೆಗೆ ಮೇಜಿನ ಮೇಲೆ ಹಣೆಯಿಟ್ಟು ನಕ್ಕರು. ನಾನೂ ನಕ್ಕೆ. ಏನು ಮಾಡುವುದು, ನಿಜಕ್ಕೂ ನಗುವಂತೆಯೇ ಇತ್ತು.

‘ನಾನು ಹುಟ್ಟಿದಾರಭ್ಯ ಮೂಳೆ ಮುಟ್ಟಿದವಳಲ್ಲ’ ಎಂದೆ.

‘ಗೊತ್ತಾಗುತ್ತದೆ’ ಎಂದರು ಕಣ್ಣೊರೆಸಿಕೊಂಡು. ಅಷ್ಟರಲ್ಲಿ ವಿಡಿಯೋ ಮುಂದೆ ಓಡಿ ಮುನಿಯಪ್ಪನ ಸರದಿ ಬಂದಿತ್ತು. ನಾನು ನಿಲ್ಲಿಸಲು ಕೈ ಚಾಚಿದೆ. ‘ಅದು ಬೇಡ, ಅದು ಫೇಲಾದದ್ದು’ ಎಂದೆ. ಮಾರೈಕೆ ನನ್ನ ಕೈ ಹಿಡಿದರು.

‘ಇನ್ನೊಮ್ಮೆ ಹಾಕಿ.’

ಹಾಕಿದೆ. ‘ನಿಧಾನಕ್ಕೆ ಹಾಕಿ.’ ಹಾಗೂ ಹಾಕಿದೆ. ಬಾಣ ಕಾಯಿಯೊಳಗೆ ಹೋಗಿ ಹೊರಬಂದು ಬಾಗಿಲಿಗೆ ನೆಟ್ಟಿತು. ಕಾಯಿ ಅಲುಗಲಿಲ್ಲ. ಮೂರನೆಯ ಸಲ ನೋಡಿದ ಮೇಲೆ ಅವರು ಕೇಳಿದರು, ‘ಇದು ಫೇಲ್ ಎಂದು ಯಾರು ಹೇಳಿದ್ದು?’

‘ನಾನೇ.’

‘ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬಂದು, ಆಮೇಲೂ ಬಾಗಿಲಿಗೆ ನೆಡುವಷ್ಟು ಬಲ ಉಳಿಸಿಕೊಂಡಿದೆ. ಎಲ್ಕಿಗೆ ಬೇಕಾದದ್ದು ಇದೇ. ಸಿಡಿಯಬಾರದು, ದಾಟಿಹೋಗಬೇಕು. ಎಲ್ಲಿದೆ ಇದರ ಮಾದರಿ? ನಕ್ಷೆ?’

ಎರಡೂ ಇರಲಿಲ್ಲ. ಸೋತದ್ದಕ್ಕೆ ಯಾರು ಮಾದರಿ ಮಾಡಿಸುತ್ತಾರೆ? ಮುನಿಯಪ್ಪನ ಹೆಬ್ಬೆರಳಿನಲ್ಲಿರುವ ನಕ್ಷೆಯನ್ನು ಎಲ್ಲಿಂದ ತರುವುದು? ನನ್ನ ಮೇಲೆ ನನಗೇ ಸಿಟ್ಟು ಬಂತು. ಅಷ್ಟರಲ್ಲಿ ಮಾರೈಕೆ ಊಟ ತಂದಿಟ್ಟರು. ಊಟವೆಂದರೆ ತಣ್ಣನೆಯ ಬ್ರೆಡ್, ಇಟ್ಟಿಗೆ ಗಾತ್ರದ ಹಳದಿ ಚೀಸ್, ಲೋಟದ ತುಂಬ ಮಜ್ಜಿಗೆ. ಮಜ್ಜಿಗೆ ಎಂದ ಕೂಡಲೇ ಆಸೆಯಿಂದ ಗುಟುಕರಿಸಿದೆ. ಉಪ್ಪಿಲ್ಲ, ಇಂಗಿಲ್ಲ, ಕರಿಬೇವಿಲ್ಲ. ಆದರೂ ಹುಳಿ ಹುಳಿಯಾಗಿ ಹೊಟ್ಟೆಗೆ ತಂಪಾಯಿತು.

ಚೀಸಿನ ಮೇಲೆ ಕೈಯಿಟ್ಟಾಗ ಹೊಳೆಯಿತು. ಹಳೆಯ ಚೀಸ್, ಗಟ್ಟಿಯಾಗಿತ್ತು. ನಮ್ಮಲ್ಲಿ ಹೊಸ ಆಕಾರ ಯೋಚಿಸುವಾಗ ಲೈಫ್‌ಬಾಯ್ ತರಹದ ಕೆಂಪು ಸೋಪನ್ನೋ ಆಲೂಗಡ್ಡೆಯನ್ನೋ ಕೆತ್ತಿ ನೋಡುವುದು ಅಪ್ಪನ ಕಾಲದ ರೂಢಿ. ಮಾರೈಕೆಯನ್ನು ಅಳತೆಗೊಂದು ವರ್ನಿಯರ್ ಕೇಳಿದೆ, ಮುನಿಯಪ್ಪನಿಗೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟೆ.

‘ಮುನಿಯಪ್ಪ, ನಿಮ್ಮ ಮೊನೆ ಅಳತೆ ಹೇಳಿ. ಬೇಗ.’

‘ಯಾಕಮ್ಮ? ಏನ್ ತಪ್ಪಂತೆ?’

‘ಆಮೇಲೆ ಹೇಳ್ತೀನಿ. ಅಗಲ ಎಷ್ಟು?’

‘ಬುಡದಾಗೆ ಇಪ್ಪತ್ತೆಂಟು ಎಂಎಂ. ತುದಿಗೆ ಬತ್ತಾ ಬತ್ತಾ ಸಣ್ಣಕ್ಕೆ. ಒಂದೇ ಕಡೆ ಉಜ್ಜಿದೀನಿ ಅಮ್ಮ, ಎರಡೂ ಕಡೆ ಅಲ್ಲ. ಉಳಿ ಬಾಯಿ ಇರ್ತದಲ್ಲ, ಹಂಗೆ. ಅದ್ಕೇ ಅದು ತಿರುಗ್ತಾ ಒಳಕ್ ಹೋಯ್ತದೆ.’

ಈ ಕೊನೆಯ ಮಾತನ್ನು ಮಾರೈಕೆಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬಾಯಿಗೆ ಒಯ್ಯುತ್ತಿದ್ದ ಬ್ರೆಡ್ಡನ್ನು ಹಾಗೆಯೇ ತಟ್ಟೆಗೆ ಇಳಿಸಿದರು. ‘ತಿರುಗುತ್ತಾ ಹೋದರೆ ಮೂಳೆ ಸೀಳುತ್ತದೆ’ ಎಂದರು. ‘ಇದನ್ನು ಅವರಿಗೆ ಯಾರು ಹೇಳಿಕೊಟ್ಟರು?’

ಕೇಳಿದೆ. ‘ಯಾರ್ ಹೇಳ್ಕೊಡ್ತಾರಮ್ಮ? ಮಟನ್ ಅಂಗಡಿ ಕತ್ತಿ ಸಾಣೆ ಹಿಡಿಯೋನು ನಾನೇ ಅಲ್ವಾ’ ಎಂದರು ಮುನಿಯಪ್ಪ.

ಅರ್ಧ ಗಂಟೆಯಲ್ಲಿ ಚೀಸಿನ ಮೊನೆ ತಯಾರಾಯಿತು. ಮಾರೈಕೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದರು, ಅಳೆದರು, ಬರೆದುಕೊಂಡರು. ಮುಗಿದ ಮೇಲೆ ಇಬ್ಬರೂ ಹಂಚಿಕೊಂಡು ತಿಂದೆವು. ‘ಸರಿ ಹಾಗಾದರೆ, ಇದೇನಾ?’ ಎಂದು ಕೇಳಿದೆ. ಅವರು ಇಲ್ಲವೆಂಬಂತೆ ತಲೆಯಾಡಿಸಿದರು.

‘ನನ್ನದೊಂದು ಪದ್ಧತಿಯಿದೆ. ಮೊನೆ ಮಾಡುವವರು ಪ್ರಾಣಿಯನ್ನು ಜೀವಂತ ನೋಡದೆ ನಾನು ಆರ್ಡರ್ ಕೊಡುವುದಿಲ್ಲ. ಆರಿಸುವುದು ನಾನಲ್ಲ, ನೀವು. ಅದರ ಮುಂದೆ ನಿಂತು ಆರಿಸಬೇಕು. ನಾಳೆ ಬೆಳಿಗ್ಗೆ ಆರಕ್ಕೆ ಬರುತ್ತೇನೆ, ಬೆಚ್ಚಗೆ ಹಾಕಿಕೊಳ್ಳಿ.’

ವೇಲುವೆ ಕಾಡು

ವಾಗೆನಿಂಗನ್ನಿನಿಂದ ಕಾಡು ದೂರವಿಲ್ಲ. ಸ್ಮಿತಾಳೂ ಬಂದಳು, ‘ನೀವು ಏನ್ ಮಾಡ್ತೀರಾ ನೋಡ್ಲೇಬೇಕು’ ಎಂದು. ನಾನು ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಅವಳ ಕೋಟು, ತಲೆಗೆ ಮಂಕಿ ಕ್ಯಾಪ್ ಹಾಕಿಕೊಂಡಿದ್ದೆ. ಮಾರೈಕೆ ನನ್ನನ್ನು ನೋಡಿ, ‘ಜಿಂಕೆಗಳು ಹೆದರುವುದಿಲ್ಲ, ಕುತೂಹಲ ಪಡುತ್ತವೆ’ ಎಂದರು.

ಪ್ರಾಣಿ ನೋಡುವವರಿಗೆಂದೇ ಕಟ್ಟಿದ ಹಲಗೆಯ ಗೂಡೊಂದಿತ್ತು. ಅದರೊಳಗೆ ಬೆಂಚಿನ ಮೇಲೆ ಮೂವರೂ ಕೂತೆವು. ಮುಂದೆ ಒಣಗುತ್ತಿರುವ ನೇರಳೆ ಬಣ್ಣದ ಹೂವಿನ ಬಯಲು, ಅದರ ಮೇಲೆ ಮೊಣಕಾಲೆತ್ತರದ ಮಂಜು, ಆಚೆ ಕಪ್ಪು ಮರಗಳ ಸಾಲು. ನಾನು ಬ್ಯಾಗಿನಿಂದ ಕೋಡುಬಳೆ ತೆಗೆದೆ. ಮೊದಲನೆಯದನ್ನು ಕಚ್ಚಿದ ಸದ್ದಿಗೇ ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು. ಉಳಿದದ್ದನ್ನು ಬಾಯಲ್ಲಿಟ್ಟುಕೊಂಡು ನೆನೆಸಿ ನುಂಗಿದೆ. ಅರ್ಧ ಗಂಟೆ ಬಾಯಿ ಮುಚ್ಚಿ ಕೂತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಆಮೇಲೆ ಆ ಸದ್ದು ಬಂತು. ಚಳಿಗೆ ಸ್ಟಾರ್ಟ್ ಆಗದ ಲಾರಿಯೊಂದು ಕಾಡಿನೊಳಗೆ ಗುರುಗುಟ್ಟಿದ ಹಾಗೆ. ಮಾರೈಕೆ ನನ್ನ ಮೊಣಕೈ ಒತ್ತಿದರು. ಮರಗಳ ನಡುವಿನಿಂದ ಮೊದಲು ಕೊಂಬು ಬಂತು, ಆಮೇಲೆ ತಲೆ, ಆಮೇಲೆ ಇಡೀ ಮೈ. ಕೆಂಪು ಜಿಂಕೆಯ ಗಂಡು. ಇದು ಎಲ್ಕಲ್ಲ, ಎಲ್ಕ್ ಇದಕ್ಕಿಂತ ಇನ್ನೂ ದೊಡ್ಡದು. ಅದು ಬಯಲಿನ ಮಧ್ಯೆ ನಿಂತು ಕತ್ತೆತ್ತಿ ಕೂಗಿತು, ಬಾಯಿಂದ ಬಿಳಿ ಉಸಿರು ಹೊರಬಂತು. ಕೊಂಬಿಗೆ ಎಲ್ಲಿಂದಲೋ ಕಿತ್ತ ಒಂದು ಹಿಡಿ ಹುಲ್ಲು ಸಿಕ್ಕಿಕೊಂಡಿತ್ತು. ಅದು ಅದಕ್ಕೆ ಗೊತ್ತೂ ಇರಲಿಲ್ಲ.

ಎಂಥ ಚೆಲುವು ಅಂತೀರಿ! ಸ್ಮಿತಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಜಿಂಕೆಯ ಪಕ್ಕೆ ಉಸಿರಿಗೆ ಏರಿ ಇಳಿಯುವುದು ಕಾಣುತ್ತಿತ್ತು. ಆ ಪಕ್ಕೆಗೆ ನನ್ನ ಕೊಡೆಯಂಥ ಮೊನೆ ಅರ್ಧ ಬಿಚ್ಚಿಕೊಂಡು ಸಿಕ್ಕಿಹಾಕಿಕೊಳ್ಳುವುದನ್ನು ಯೋಚಿಸಿದೆ. ಆ ಭಾರ ಹೊತ್ತು ಇದು ಆ ಮರಗಳೊಳಗೆ ಓಡುವುದನ್ನು ಯೋಚಿಸಿದೆ.

ಮಾರೈಕೆ ಕಿವಿಯ ಹತ್ತಿರ ಬಂದು ಕೇಳಿದರು, ‘ಈಗ ಹೇಳಿ. ಇದಕ್ಕೆ ಯಾವುದು?’

‘ಯಾವುದೂ ಬೇಡ’ ಎಂಬ ಮಾತೇ ಮೊದಲು ನಾಲಿಗೆಗೆ ಬಂತು. ನಾನು ಅದನ್ನು ಹೇಳಿಯೂಬಿಟ್ಟೆ. ಅವರು ನಗಲಿಲ್ಲ.

‘ಆ ಉತ್ತರವೂ ಸರಿಯೇ. ಆದರೆ ನೀವು ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಾರೆ. ಬಹುಶಃ ಕೆಟ್ಟದಾಗಿ ಮಾಡುತ್ತಾರೆ. ನನಗೆ ಕೆಟ್ಟ ಮೊನೆ ಬೇಡ.’

ಸ್ಮಿತಾ ಕೇಳಿದ ವ್ಯತ್ಯಾಸದ ಪ್ರಶ್ನೆ ನೆನಪಾಯಿತು. ಮಾಡುವವಳಿಗೂ ಹೊಡೆಯುವವರಿಗೂ ಅಂಥ ದೂರವೇನೂ ಇಲ್ಲವೆಂಬುದು ಆ ಬೆಂಚಿನ ಮೇಲೆ ಖಚಿತವಾಯಿತು. ಹಾಗಿದ್ದ ಮೇಲೆ ನನ್ನ ಜಂಬವನ್ನು ಅದರ ಮೈಗೆ ಚುಚ್ಚುವ ಹಕ್ಕು ನನಗಿಲ್ಲ.

‘ಮುನಿಯಪ್ಪನದು’ ಎಂದೆ. ‘ನನ್ನದು ಯಾವ ಪ್ರಾಣಿಗೂ ಬೇಡ.’

ಮಾರೈಕೆ ಕೈಗವಸು ತೆಗೆದು ಕೈ ಚಾಚಿದರು. ಆರ್ಡರ್ ನಮ್ಮದಾಯಿತು. ಕೂಗಬಾರದ ಜಾಗದಲ್ಲಿ ಮತ್ತೊಮ್ಮೆ ಸೆರಗು ಬಾಯಿಗೆ ತುರುಕಿಕೊಳ್ಳಬೇಕಾಯಿತು, ಈ ಸಲ ಖುಷಿಗೆ. ಸ್ಮಿತಾ ನನ್ನ ಮಂಕಿ ಕ್ಯಾಪ್ ಸರಿಮಾಡಿದಳು.

ಪೀಣ್ಯದಲ್ಲಿ ಆಗ ಟೀ ಹೊತ್ತು ಮುಗಿದಿರಬೇಕು. ಮುನಿಯಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಗ್ರೈಂಡಿಂಗ್ ಮೆಷಿನ್ನಿನ ಸದ್ದಿನ ನಡುವೆ ಅವರ ಅರ್ಧ ಮುಖ ಕಂಡಿತು. ಫೋನನ್ನು ಬಾಯಿಗೆ ಒತ್ತಿಕೊಂಡು ಪಿಸುಗುಟ್ಟಿದೆ.

‘ಮುನಿಯಪ್ಪ, ನಿಮ್ದೇ ಪಾಸಾಗಿದ್ದು. ನಿಮ್ಮದರಲ್ಲಿ ಯಾವ ತಪ್ಪೂ ಇರ್ಲಿಲ್ಲ. ತಪ್ಪು ನಂದು. ಕುಂಬಳಕಾಯಿ ನೋಡಿ ಮೋಸ ಹೋದೆ.’

‘ಹೌದಾ ಅಮ್ಮ’ ಎಂದರು. ಅಷ್ಟೇ. ಕನ್ನಡಕ ತೆಗೆದು ತೋಳಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ, ‘ಅದ್ಯಾಕ್ ಗುಸುಗುಸು ಅಂತೀರಾ? ಹುಷಾರಿಲ್ವಾ?’

‘ಹುಷಾರಾಗಿದೀನಿ. ಇಲ್ನೋಡಿ.’

ಸ್ಮಿತಾ ಮಾರೈಕೆಯ ದುರ್ಬೀನಿನ ಕಣ್ಣಿಗೆ ಫೋನ್ ಒತ್ತಿ ಹಿಡಿದಳು. ತೆರೆಯ ಮೇಲೆ ಆ ಗಂಡು ಜಿಂಕೆ ದೊಡ್ಡದಾಗಿ ಮೂಡಿತು. ಅದು ತಿರುಗಿ ನಮ್ಮ ದಿಕ್ಕಿಗೇ ನೋಡಿತು. ಕಿವಿ ಅಲುಗಿತು. ಮುನಿಯಪ್ಪ ಯಾರಿಗೋ ಕೈಸನ್ನೆ ಮಾಡಿದರು, ಪೀಣ್ಯದಲ್ಲಿ ಮೆಷಿನ್ ನಿಂತಿತು. ಅವರು ಕನ್ನಡಕ ಮತ್ತೆ ಹಾಕಿಕೊಂಡು ತೆರೆಯ ಹತ್ತಿರಕ್ಕೆ ಬಂದರು.

‘ಇದಕ್ಕಾ ಅಮ್ಮ?’

‘ಇದಕ್ಕಿಂತ ದೊಡ್ಡದಕ್ಕೆ.’

ಜಿಂಕೆ ತಲೆ ತಗ್ಗಿಸಿ ಮೇಯತೊಡಗಿತು.

‘ಹಂಗಾದ್ರೆ ಈಗಿರೋ ಅಲಗು ಸಾಲ್ದು’ ಎಂದರು ಮುನಿಯಪ್ಪ. ‘ಇನ್ನೊಂದು ಸುತ್ತು ಉಜ್ತೀನಿ.’

‘ಯಾಕೆ? ಅವ್ರು ಒಪ್ಕೊಂಡಿದಾರಲ್ಲ?’

‘ಅವ್ರು ಒಪ್ಪಿದ್ರೆ ಆಯ್ತಾ ಅಮ್ಮ? ತಗುಲಿದ್ದು ಅದಕ್ಕೆ ಗೊತ್ತೇ ಆಗ್ಬಾರ್ದು.’